ಎಂಜಿನಿಯರಿಂಗ್, ಬಿಎಸ್ಸಿ ಓದಿದವರು ಸೇನಾಧಿಕಾರಿಯಾಗುವುದು ಹೇಗೆ?

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಗೆ ಸೈನ್ಯ ಹೊಸದಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮರಾಶಿಯಡಿ ಆರು ದಿನ ಸಿಲುಕಿ, ಜೀವಂತವಾಗಿ ಹೊರಬಂದರೂ ದೆಹಲಿಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಭರ್ತಿ ರ‍್ಯಾಲಿ ಯಾವಾಗ ನಡೆಯುತ್ತದೆ, ಎಷ್ಟು ದೂರ ಓಡಬೇಕು ಎಂಬುದನ್ನು ಇಲ್ಲಿಯ ಹೈಸ್ಕೂಲ್ ಹುಡುಗರೂ ಬಲ್ಲರು. ಆದರೆ ಇದೇ ಊರುಗಳಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಬಂದು ಎಂಜಿನಿಯರಿಂಗ್ ಅಥವಾ ವಿಜ್ಞಾನ ಓದುವವರಲ್ಲಿ, ತಮ್ಮ ಪದವಿಯ ಆಧಾರದ ಮೇಲೆ ಲೆಫ್ಟಿನೆಂಟ್ ಹುದ್ದೆಗೇ ಅರ್ಜಿ ಹಾಕಬಹುದೆಂದು ಅನೇಕರಿಗೆ ತಿಳಿದಿರುವುದಿಲ್ಲ. ತಿಳಿಯುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಆದ್ದರಿಂದ ಈ ಲೆಕ್ಕವನ್ನು ಮೂರನೆಯ ವರ್ಷದಲ್ಲಿಯೇ ಹಾಕಬೇಕು.

ಮೊದಲು ದಾರಿ ಆರಿಸಿಕೊಳ್ಳಿ

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಭೂಸೇನೆಯಲ್ಲಿ ಲಿಖಿತ ಪರೀಕ್ಷೆಯೇ ಇಲ್ಲದ ಎರಡು ದಾರಿಗಳಿವೆ. ಒಂದು, ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್, ಅಂದರೆ ಟಿಜಿಸಿ. ಇದು ಅವಿವಾಹಿತ ಪುರುಷರಿಗೆ ಮಾತ್ರ. ತರಬೇತಿ ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ, ಸಿಗುವುದು ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಅಧಿಕಾರಿ ಹುದ್ದೆ. ಇನ್ನೊಂದು, ಶಾರ್ಟ್ ಸರ್ವಿಸ್ ಕಮಿಷನ್‌ನ ತಾಂತ್ರಿಕ ಪ್ರವೇಶ. ಇದು ಮಹಿಳೆಯರಿಗೂ ತೆರೆದಿದ್ದು, 10 ವರ್ಷಗಳ ಸೇವೆಯ ನಂತರ 4 ವರ್ಷ ಮುಂದುವರಿಸುವ ಇಲ್ಲವೆ ಕಾಯಂ ಕಮಿಷನ್‌ಗೆ ಪರಿಗಣನೆ ಪಡೆಯುವ ಅವಕಾಶವಿದೆ. ಸೇನೆಯ ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಕೊಟ್ಟ ತೀರ್ಪನ್ನು ನಮ್ಮ ಹೆಣ್ಣುಮಕ್ಕಳ ತಂದೆ ತಾಯಿಯರು ಅವಶ್ಯವಾಗಿ ತಿಳಿದಿರಬೇಕು. ಎರಡೂ ಪ್ರವೇಶಗಳಿಗೆ ವಯಸ್ಸು 20ರಿಂದ 27. ಸಂದರ್ಶನಕ್ಕೆ ಕರೆ ಬರುವುದು ಎಂಜಿನಿಯರಿಂಗ್ ಅಂಕಗಳ ಮೇಲೆ. ಅಂತಿಮ ವರ್ಷದವರಿಗೆ 6ನೇ ಸೆಮಿಸ್ಟರ್‌ವರೆಗಿನ ಒಟ್ಟು ಅಂಕಗಳನ್ನು ನೋಡುತ್ತಾರೆ. ಅಂದರೆ ನೀವು ಈಗ ಬರೆಯುತ್ತಿರುವ ಸೆಮಿಸ್ಟರ್ ಪರೀಕ್ಷೆಯೇ ಸೇನೆಯ ಮೊದಲ ಸುತ್ತು.

ಬಿಎಸ್ಸಿ ಪದವೀಧರರಿಗೆ ಮುಖ್ಯವಾದದ್ದು ಯುಪಿಎಸ್‌ಸಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಸುವ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವೀಸಸ್) ಪರೀಕ್ಷೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಎಂಬ ಮೂರು ಪತ್ರಿಕೆಗಳಿಗೆ ತಲಾ 100 ಅಂಕ. ಗಣಿತ ಎಸ್ಸೆಸ್ಸೆಲ್ಸಿ ಮಟ್ಟದ್ದು. ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಗೆ ಮಾತ್ರ ಬರೆಯುವವರಿಗೆ ಗಣಿತ ಇಲ್ಲ. ಧಾರವಾಡವೂ ಪರೀಕ್ಷಾ ಕೇಂದ್ರಗಳ ಪಟ್ಟಿಯಲ್ಲಿದೆ, ಆದರೆ ಅರ್ಜಿಯನ್ನು ಕೊನೆಯ ದಿನದವರೆಗೆ ತಡೆಹಿಡಿದರೆ ದೂರದ ಕೇಂದ್ರ ಸಿಗಬಹುದು. ಎನ್‌ಸಿಸಿಯಲ್ಲಿ ‘ಸಿ’ ಪ್ರಮಾಣಪತ್ರ ಪಡೆದವರು ಪದವಿಯಲ್ಲಿ ಶೇ 50 ಅಂಕ ಗಳಿಸಿದ್ದರೆ ಸಿಡಿಎಸ್ ಬರೆಯದೆಯೇ ವಿಶೇಷ ಪ್ರವೇಶದಡಿ ಅರ್ಜಿ ಹಾಕಬಹುದು.

ವಾಯುಪಡೆಗೆ ವರ್ಷಕ್ಕೆರಡು ಬಾರಿ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆಯಿದೆ. ವಿಮಾನ ಚಾಲನೆಗೆ ವಯಸ್ಸು 20ರಿಂದ 24, ಭೂ ಕರ್ತವ್ಯದ ಶಾಖೆಗಳಿಗೆ 20ರಿಂದ 26. ನೌಕಾಪಡೆ ತನ್ನ ಜಾಲತಾಣದಲ್ಲಿಯೇ ಅರ್ಜಿ ಕರೆದು ಪದವಿಯ ಅಂಕಗಳ ಮೇಲೆ ಆಯ್ದು, ಕೇರಳದ ಎಳಿಮಲದಲ್ಲಿ ತರಬೇತಿ ಕೊಡುತ್ತದೆ. ಗಣಿತ, ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರಿಗೆ ಅಲ್ಲಿಯ ಶಿಕ್ಷಣ ಶಾಖೆ ಒಳ್ಳೆಯ ಅವಕಾಶ.

ಕಾಗದಪತ್ರಗಳನ್ನು ಈಗಲೇ ಸರಿಪಡಿಸಿ

ನಮ್ಮ ಭಾಗದ ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಅಡ್ಡಹೆಸರುಗಳು ಪೂರ್ತಿಯಾಗಿರುತ್ತವೆ. ಆಧಾರ್‌ನಲ್ಲಿ ಬರೀ ಇನಿಶಿಯಲ್. ಪದವಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ. ಸೇನೆ ಹೆಸರು ಮತ್ತು ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ದಾಖಲೆಯನ್ನೇ ಆಧಾರವಾಗಿ ಹಿಡಿಯುವುದರಿಂದ, ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು. ಎರಡನೆಯದು, ನಿಮ್ಮ ಎಂಜಿನಿಯರಿಂಗ್ ಶಾಖೆಯ ಹೆಸರು. ಟಿಜಿಸಿ ಅಧಿಸೂಚನೆಯಲ್ಲಿ ಮಾನ್ಯ ಶಾಖೆಗಳ ಮತ್ತು ಅವುಗಳಿಗೆ ಸಮನಾದ ಶಾಖೆಗಳ ಪಟ್ಟಿ ಇರುತ್ತದೆ. ಪ್ರಮಾಣಪತ್ರದಲ್ಲಿರುವ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಹೊಸ ಹೊಸ ಹೆಸರಿನ ಕೋರ್ಸ್‌ಗಳಲ್ಲಿ ಓದುತ್ತಿರುವವರು ಇದನ್ನು ಅಕ್ಷರಶಃ ಓದಿ ನೋಡಬೇಕು. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಸೂತ್ರವನ್ನು ಕಾಲೇಜಿನಿಂದ ಬರೆಸಿಕೊಂಡು ಮೊಹರು ಹಾಕಿಸಿಟ್ಟುಕೊಳ್ಳಿ.

ಎಸ್‌ಎಸ್‌ಬಿಯ ಐದು ದಿನಗಳು

ಯಾವ ದಾರಿಯಿಂದ ಹೋದರೂ ಎಸ್‌ಎಸ್‌ಬಿ (ಸರ್ವೀಸಸ್ ಸೆಲೆಕ್ಷನ್ ಬೋರ್ಡ್) ಎಂಬ ಆಯ್ಕೆ ಮಂಡಳಿಯ ಪರೀಕ್ಷೆ ದಾಟಲೇಬೇಕು. ಭೂಸೇನೆಯ ಆಯ್ಕೆ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿದೆ, ವಾಯುಪಡೆಯದ್ದು ಮೈಸೂರಿನಲ್ಲಿದೆ. ಮೊದಲ ದಿನವೇ ಬುದ್ಧಿಶಕ್ತಿ ಪರೀಕ್ಷೆ ಮತ್ತು ಚಿತ್ರ ನೋಡಿ ಕಥೆ ಕಟ್ಟಿ ಗುಂಪಿನಲ್ಲಿ ಚರ್ಚಿಸುವ ಸುತ್ತು ನಡೆದು, ಬಹಳಷ್ಟು ಮಂದಿ ಅಂದೇ ಊರಿಗೆ ಮರಳುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆ: ಒಂದೊಂದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ವಾಕ್ಯ ಬರೆಯಬೇಕು, 30 ನಿಮಿಷದಲ್ಲಿ 60 ಸನ್ನಿವೇಶಗಳಿಗೆ ಉತ್ತರಿಸಬೇಕು, 12 ಕಥೆಗಳನ್ನು ಬರೆಯಬೇಕು. ಮೈದಾನದಲ್ಲಿ ಹಲಗೆ, ಹಗ್ಗ ಹಿಡಿದು ತಂಡದೊಂದಿಗೆ ಅಡೆತಡೆ ದಾಟುವುದು, ಒಬ್ಬರೇ ನಿಂತು 3 ನಿಮಿಷ ಮಾತನಾಡುವುದು, ನಂತರ ಸಂದರ್ಶನ. ಕೊನೆಯ ದಿನ ಎಲ್ಲ ಪರೀಕ್ಷಕರೂ ಕೂಡಿ ತೀರ್ಮಾನಿಸುತ್ತಾರೆ.

ಇಷ್ಟು ವೇಗದಲ್ಲಿ ಬರೆಯುವಾಗ ಬಾಯಿಪಾಠ ಮಾಡಿದ ಉತ್ತರ ಉಳಿಯುವುದಿಲ್ಲ, ಆ ವೇಗ ಇರುವುದೂ ಅದಕ್ಕಾಗಿಯೇ. ಸಿದ್ಧ ಕಥೆಗಳನ್ನು ಉರು ಹೊಡೆಸುವ ಕೋಚಿಂಗ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಅದರ ಬದಲು ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲಿ ಅಥವಾ ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ನಸುಕಿಗೆ ಓಡಿ, ನಾಲ್ಕು ಗೆಳೆಯರ ಗುಂಪು ಕಟ್ಟಿಕೊಂಡು ದಿನದ ಪತ್ರಿಕೆಯ ಒಂದು ವಿಷಯವನ್ನು ಅರ್ಧ ತಾಸು ಇಂಗ್ಲಿಷ್‌ನಲ್ಲಿ ಚರ್ಚಿಸಿರಿ. ಕನ್ನಡ ಮಾಧ್ಯಮದವರು ಉಚ್ಚಾರಣೆಗೆ ಅಂಜಬೇಕಾಗಿಲ್ಲ. ವಿಚಾರ ಸ್ಪಷ್ಟವಾಗಿದ್ದು, ಎದುರಿನವರ ಮಾತು ಮುಗಿಯುವವರೆಗೆ ಕೇಳುವ ತಾಳ್ಮೆ ಇದ್ದರೆ ಸಾಕು. ಹೊಲದಲ್ಲಿ ಆಳುಗಳನ್ನು ಹೊಂದಿಸಿ ಸುಗ್ಗಿ ಮಾಡಿಸಿದ್ದು, ಊರ ಜಾತ್ರೆಯಲ್ಲಿ ದಾಸೋಹದ ಹೊಣೆ ಹೊತ್ತದ್ದು ಸಂದರ್ಶನದಲ್ಲಿ ಹೇಳಲು ಯೋಗ್ಯವಾದ ಸಂಗತಿಗಳೇ. ಅವನ್ನು ಸಣ್ಣವೆಂದು ಮುಚ್ಚಿಡಬೇಡಿ.

ಆಯ್ಕೆಯಾದ ಮೇಲೆ

ಶಿಫಾರಸಾದವರಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ ನಡೆದು, ನಂತರ ಅರ್ಹತಾ ಪಟ್ಟಿ ಬರುತ್ತದೆ. ಕಣ್ಣು, ಕಿವಿ, ಹಲ್ಲುಗಳನ್ನು ಮೊದಲೇ ಊರಿನಲ್ಲಿ ತೋರಿಸಿಕೊಂಡು ಹೋಗುವುದು ಒಳ್ಳೆಯದು. ಕನ್ನಡಕ ಬಿಡಲೆಂದು ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸುವ ವಿಚಾರವಿದ್ದರೆ ಅಧಿಸೂಚನೆಯ ನಿಯಮ ಓದದೆ ಮುಂದುವರಿಯಬೇಡಿ. ಲೆಫ್ಟಿನೆಂಟ್‌ಗೆ ಮೂಲ ವೇತನ ₹56,100, ಅದರ ಮೇಲೆ ಸೇನಾ ಸೇವಾ ವೇತನ ₹15,500 ಮತ್ತು ಇತರ ಭತ್ಯೆಗಳು. ಎಂಜಿನಿಯರ್‌ಗಳು ಕೋರ್ ಆಫ್ ಎಂಜಿನಿಯರ್ಸ್, ಸಿಗ್ನಲ್ಸ್ (ಸಂಪರ್ಕ ವಿಭಾಗ) ಅಥವಾ ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ವಿಭಾಗ) ಸೇರಿದರೆ ಪುಣೆ, ಮ್ಹೌ, ಸಿಕಂದರಾಬಾದ್‌ಗಳಲ್ಲಿರುವ ಸೇನೆಯ ಕಾಲೇಜುಗಳಲ್ಲಿ ಓದು ಮುಂದುವರಿಯುತ್ತದೆ. ಸೇತುವೆ ಕಟ್ಟುವುದು, ರೇಡಾರ್ ರಿಪೇರಿ ಮಾಡುವುದು, ಟ್ಯಾಂಕ್ ಎಂಜಿನ್ ಬಿಚ್ಚುವುದು ಇವೆಲ್ಲ ಅಲ್ಲಿ ದಿನನಿತ್ಯದ ಕೆಲಸ.