ಒತ್ತಕ್ಷರ ಒಡೆದದ್ದು ಫಾಂಟಿನಿಂದಲ್ಲ

ಮದುವೆ ಕರೆಯೋಲೆಯ ಚಿತ್ರ ತಯಾರಿಸುವ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆದಿದ್ದೆ. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಅದನ್ನೇ ಡಾಕರ್‌ನ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಸಾಧನ) ಸ್ಲಿಮ್ ಇಮೇಜಿನಲ್ಲಿ, ಅಂದರೆ ತೀರಾ ಬೇಕಾದಷ್ಟೇ ಸಾಮಾನಿರುವ ಡಬ್ಬಿಯಲ್ಲಿ, ಓಡಿಸಿದರೆ 'ಅಕ್ಕ' ಹೋಗಿ 'ಅಕ್‌ಕ' ಆಗುತ್ತಿತ್ತು. ಕರೆಯೋಲೆಯಲ್ಲಿ ಅಕ್ಕನ ಹೆಸರೇ ಹೀಗಾದರೆ ಮನೆಯಲ್ಲಿ ಸುಮ್ನೆ ಬಿಡ್ತಾರಾ?

ಮೊದಲು ಫಾಂಟಿನ ಮೇಲೆ ಅನುಮಾನ ಬಂತು. ನೋಟೋ ಸಾನ್ಸ್ ಕನ್ನಡ ತೆಗೆದು ಬೇರೆ ಎರಡು ಫಾಂಟ್ ಹಾಕಿದೆ. ಅರ್ಧ ದಿನ ಹಾಳು.

ಕೊನೆಗೆ ನನ್ನ ಪ್ರೋಗ್ರಾಂ ಚಿತ್ರ ಬರೆಯಲು ಬಳಸುವ ಪಿಲ್ಲೋ ಲೈಬ್ರರಿಯ ಫೀಚರ್ಸ್ ಮಾಡ್ಯೂಲಿನಲ್ಲಿ 'ರಕ್ಮ್ ಇದೆಯಾ' ಎಂದು ಕೇಳಿದೆ. ಒತ್ತಕ್ಷರದಂಥ ಕಷ್ಟದ ಜೋಡಣೆ ನೋಡಿಕೊಳ್ಳುವ ಲೈಬ್ರರಿ ರಕ್ಮ್. 'ಫಾಲ್ಸ್' ಅಂತ ಉತ್ತರ ಬಂತು. ವಿಚಿತ್ರ ಅಲ್ವಾ? 2021ರ 8.2.0 ಆವೃತ್ತಿಯಿಂದ ಪಿಪ್ (ಪೈಥಾನ್ ಲೈಬ್ರರಿ ಹಾಕಿಕೊಡುವ ಸಾಧನ) ಕೊಡುವ ಪಿಲ್ಲೋ ಜೊತೆಗೇ ರಕ್ಮ್ ಬರುತ್ತದೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಕೂಡ ಒಳಗೇ ಇರುತ್ತದೆ. ಆದರೆ ರಕ್ಮ್‌ಗೆ ಬೇಕಾದ, ಬಲದಿಂದ ಎಡಕ್ಕೆ ಬರೆಯುವ ಲಿಪಿಗಳನ್ನು ನೋಡಿಕೊಳ್ಳುವ ಫ್ರಿಬಿಡಿ ಮಾತ್ರ ಬುತ್ತಿಯಲ್ಲಿಲ್ಲ! ಅದನ್ನು ಪಿಲ್ಲೋ ಓಡುವಾಗ ಸಿಸ್ಟಮ್‌ನಿಂದ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಎರರ್ ಕೂಡ ಕೊಡದೆ ಹಳೆಯ ಸರಳ ಜೋಡಣೆಗೆ ಇಳಿಯುತ್ತದೆ. ಎಡದಿಂದ ಬಲಕ್ಕೆ ಬರೆಯುವ ಕನ್ನಡಕ್ಕೆ ಬಲದಿಂದ ಎಡದ ಲಿಪಿಗಳ ಲೈಬ್ರರಿ ಇಲ್ಲದೆ ತೊಂದರೆ ಆಗುತ್ತದೆಂದು ಯಾರಿಗೆ ಹೊಳೆಯಬೇಕು?

ಆ ಇಮೇಜಿನ ತಳದಲ್ಲಿರುವ ಲಿನಕ್ಸ್ ಆದ ಡೆಬಿಯನ್‌ನದೇ ಪಿಲ್ಲೋ ಪ್ಯಾಕೇಜ್ ಹಾಕಿಯೂ ನೋಡಿದೆ. ಅದು ಸಿಸ್ಟಮ್ ಪೈಥಾನಿಗೆ ಹೋಗಿ ಕೂತಿತು. ಇಮೇಜಿನ ಪೈಥಾನ್ ಬೇರೆ ಜಾಗದಲ್ಲಿರುವುದರಿಂದ ಅದಕ್ಕೆ ಕಾಣಲಿಲ್ಲ.

ಪರಿಹಾರ ಒಂದೇ ಸಾಲು: ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲಿನಲ್ಲಿ, ಡೆಬಿಯನ್‌ನ ಪ್ಯಾಕೇಜ್ ಹಾಕುವ ಆಪ್ಟ್ ಮೂಲಕ ಫ್ರಿಬಿಡಿಯ ಪ್ಯಾಕೇಜ್ ಆದ ಲಿಬ್‌ಫ್ರಿಬಿಡಿ0 ಹಾಕಿದೆ. ಜೊತೆಗೆ, ರಕ್ಮ್ ಇಲ್ಲದಿದ್ದರೆ ಪ್ರೋಗ್ರಾಂ ಶುರುವಿನಲ್ಲೇ ನಿಲ್ಲುವಂತೆ ಮಾಡಿದೆ. ಈಗ ಅಕ್ಕ ಅಕ್ಕನಾಗಿಯೇ ಇದ್ದಾಳೆ.