ಆರು ವರ್ಷ ಎಲ್ಲಿದ್ದೆ ಎಂದು ಕೇಳಿದಾಗ

ಜೈಲಿನಿಂದ ಬಿಡುಗಡೆಯಾದ ಮೇಲೆ ಮೊದಲ ಕೆಲಸ ಸಿಕ್ಕಿದ್ದು ಸುಳ್ಳು ಹೇಳಿ. ಅರ್ಜಿಯಲ್ಲಿ ಖಾಲಿ ಉಳಿದ 6 ವರ್ಷಕ್ಕೆ 'ಸ್ವಂತ ವ್ಯವಹಾರ' ಎಂದು ಬರೆದಿದ್ದೆ. ಸೇರಿದ 19ನೇ ದಿನ ಹಿನ್ನೆಲೆ ತಪಾಸಣೆಯ ವರದಿ ಬಂತು. "ಜೈಲಿಗೆ ಹೋಗಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ ತೆಗೀತಾ ಇದೀವಿ" ಎಂದರು ಮ್ಯಾನೇಜರು. ಮೊದಲೇ ಹೇಳಿದ್ದರೆ ಬಾಗಿಲೊಳಗೆ ಬಿಡುತ್ತಿದ್ದರೇ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.

ಆಮೇಲೆ ಇನ್ನೊಂದು ಅತಿಗೆ ಹೋದೆ. ಸಂದರ್ಶನಕ್ಕೆ ಕೂತ ಕೂಡಲೇ ಇಡೀ ಕೇಸು ಬಿಚ್ಚುತ್ತಿದ್ದೆ: ಯಾರು ಸಾಕ್ಷಿ ನುಡಿದರು, ವಕೀಲರು ಎಲ್ಲಿ ಎಡವಿದರು. ಎದುರಿಗಿದ್ದವರು ಪೆನ್ನು ಕೆಳಗಿಡುವುದು ಕಾಣುತ್ತಿತ್ತು. ನನಗಿಂತ ಮೊದಲು ಹೊರಬಂದ ಒಬ್ಬರು ಕೇಳಿ ನಕ್ಕರು: "ನೀನೀಗ ಕೋರ್ಟಿನಲ್ಲಿಲ್ಲ ಮಾರಾಯ, ವಾದ ಮಾಡಬೇಡ."

ಅವರೇ ಕೂರಿಸಿಕೊಂಡು ಉತ್ತರ ಕಟ್ಟಿಸಿದರು. "ಹಣದ ವಿಷಯದಲ್ಲಿ ಮೋಸ ಮಾಡಿದೆ, ಶಿಕ್ಷೆ ಮುಗಿಸಿದ್ದೇನೆ. ಒಳಗೆ 4 ವರ್ಷ ಮರಗೆಲಸದ ವಿಭಾಗದಲ್ಲಿದ್ದೆ, ಮೇಜು, ಬಾಗಿಲು ಮಾಡಬಲ್ಲೆ. ಬೇಕಿದ್ದರೆ ಈಗಲೇ ಮಾಡಿ ತೋರಿಸುತ್ತೇನೆ." ಇಷ್ಟೇ. ಕನ್ನಡಿ ಮುಂದೆ ನಿಂತು ಹೇಳಿಕೊಂಡೆ. 'ಮೋಸ ಮಾಡಿದೆ' ಎನ್ನುವಲ್ಲಿ ಗಂಟಲು ಕಟ್ಟುತ್ತಿತ್ತು. 'ಒಂದು ಪ್ರಕರಣ ಆಯಿತು' ಎಂದು ಜಾರಿಕೊಳ್ಳುತ್ತಿದ್ದೆ. ಹಾಗೆ ಜಾರಿದಾಗಲೆಲ್ಲ ಮುಂದಿನ ಪ್ರಶ್ನೆ ಕಟ್ಟಿಟ್ಟದ್ದು: "ಯಾವ ಪ್ರಕರಣ?"

ಒಳಗಿರುವಾಗಲೇ ಮಾಡಬೇಕಿದ್ದ ಒಂದು ಕೆಲಸ ಬಿಟ್ಟಿದ್ದೆ. ಮರಗೆಲಸ ಕಲಿಸಿದ ಮೇಷ್ಟ್ರಿಂದ ಪತ್ರ ಬರೆಸಿಕೊಂಡಿರಲಿಲ್ಲ. ಹೊರಗಿನಿಂದ ಅದನ್ನು ತರಿಸಲು ಎರಡು ತಿಂಗಳು ಹಿಡಿಯಿತು. ಗುರುತಿನ ಚೀಟಿಯ ಅವಧಿ ತೀರಿತ್ತು, ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿತ್ತು. ಖಾತೆಯಿಲ್ಲದೆ ಸಂಬಳ ಹಾಕುವುದಾದರೂ ಎಲ್ಲಿಗೆ? ಬಿಡುಗಡೆಯ ದಿನ ಗೊತ್ತಾದ ಕೂಡಲೇ ಈ ಕಾಗದಗಳ ಹಿಂದೆ ಬೀಳಿ.

ದೊಡ್ಡ ಕಂಪನಿಗಳ ಆನ್‌ಲೈನ್ ಅರ್ಜಿಯಲ್ಲಿ 'ಶಿಕ್ಷೆಯಾಗಿದೆಯೇ' ಎಂಬ ಚೌಕಕ್ಕೆ 'ಹೌದು' ಒತ್ತಿದ ಕಡೆಯಿಂದ ನನಗೆ ಒಂದು ಕರೆಯೂ ಬರಲಿಲ್ಲ. ಆ ದಾರಿ ಬಿಟ್ಟೆ. ಮಾಲೀಕರೇ ನಿಂತು ಕೆಲಸ ಮಾಡಿಸುವ ಸಣ್ಣ ಕಾರ್ಖಾನೆಗಳಿಗೆ ನಡೆದೇ ಹೋದೆ. ದುಡ್ಡು ಎಣಿಸುವ ಕೆಲಸ ಕೇಳಲೇ ಇಲ್ಲ. ನನ್ನ ತಪ್ಪಿಗೆ ಅದು ತೀರಾ ಹತ್ತಿರ.

ಹನ್ನೊಂದನೇ ಕಡೆ ಮಾಲೀಕರು ನನ್ನ ಉತ್ತರ ಕೇಳಿ ಏನೂ ಅನ್ನದೆ ಉಜ್ಜುಗೊರಡು ಕೈಗಿಟ್ಟರು. ಒಂದು ಹಲಗೆ ನಯ ಮಾಡಿ ಕೊಟ್ಟೆ. ಬೆರಳಾಡಿಸಿ ನೋಡಿ, "ಠಾಣೆಗೆ ಸಹಿ ಹಾಕೋಕೆ ಹೋಗಬೇಕಾ? ಯಾವ ವಾರ ಅಂತ ಹೇಳಿಬಿಡು, ಆ ದಿನ ನಿನಗೆ ಲೋಡಿಂಗ್ ಹಾಕಲ್ಲ" ಎಂದರು.