ರಿಫ್ಲೆಕ್ಸ್ ಕೊನೆಗೂ ನಿಂತಿತು, ಮತ್ತೆ ವಾಪಸ್ ಬಂತು

ಕ್ಯಾಲ್ಸಿಯಂ ತೆಗೆದು ಬೆನ್ನುಹುರಿಯ ರಿಫ್ಲೆಕ್ಸ್ (ಶಾಕ್ ಕೊಟ್ಟಾಗ ಹುರಿ ತಾನಾಗೇ ಕೊಡುವ ಮಾರುತ್ತರ) ನಿಲ್ಲಿಸಿ, ಮತ್ತೆ ವಾಪಸ್ ತರಬೇಕು ಅನ್ನುವುದು ನನ್ನ ಆಸೆ. "ಇದಕ್ಕೆಲ್ಲ ದೊಡ್ಡ ಲ್ಯಾಬ್ ಬೇಕ್ರೀ, ನಮ್ಮ ಕಾಲೇಜಲ್ಲಿ ಆಗೋ ಮಾತಲ್ಲ" ಅಂತ ನಮ್ಮ ವಿಭಾಗದವರೇ ಹೇಳಿದ್ದರು. ಆಯಿತು. ರೆಕಾರ್ಡಿಂಗಿನ ಗೆರೆ (ಟ್ರೇಸ್) ಈಗ ಗೋಡೆ ಮೇಲಿದೆ.

ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ನಾಲ್ಕೈದು ದಿನದ ಇಲಿ ಮರಿಯ ಬೆನ್ನುಹುರಿ ತೆಗೆದುಕೊಂಡೆ. ಹುರಿಗೆ ಸಂದೇಶ ತರುವ ನರದ ಬೇರಿಗೆ (ಡಾರ್ಸಲ್ ರೂಟ್) ಶಾಕ್, ಹುರಿಯಿಂದ ಸ್ನಾಯುಗಳ ಕಡೆ ಹೋಗುವ ಬೇರಿನಲ್ಲಿ (ವೆಂಟ್ರಲ್ ರೂಟ್) ರೆಕಾರ್ಡಿಂಗ್. ಆಂಪ್ಲಿಫೈಯರ್ ಸಾಮಾನು ಎಸ್.ಪಿ. ರೋಡಿನಲ್ಲಿ ಕೊಂಡು ನಾವೇ ಬೆಸುಗೆ ಹಾಕಿದೆವು. ಹದಿನೆಂಟು ಸಾವಿರದೊಳಗೆ ಮುಗಿಯಿತು. ಅದಕ್ಕಿಂತ ಜಾಸ್ತಿ ತಿಂದದ್ದು ಹುರಿ ಬದುಕಿರಲೆಂದು ದ್ರಾವಣಕ್ಕೆ ಬಿಡುವ ಗ್ಯಾಸಿನ ಸಿಲಿಂಡರ್. ಹೀಟರ್ ಮಾತ್ರ ಬೇಕಾಗಲಿಲ್ಲ, ಬೆಂಗಳೂರಿನ ಹವೆಯೇ ಸಾಕು. ಬೇರನ್ನು ಎಲೆಕ್ಟ್ರೋಡ್ ತುದಿಗೆ ಬಿಗಿಯಾಗಿ ಕೂರಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಹುರಿಯನ್ನು ಇಡುವ ಮಾಮೂಲಿ ದ್ರಾವಣ: ಕ್ಯಾಲ್ಸಿಯಂ 2, ಮೆಗ್ನೀಸಿಯಂ 1 ಮಿಲಿಮೋಲಾರ್. ರಿಫ್ಲೆಕ್ಸ್ ಚೆನ್ನಾಗಿತ್ತು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗ ಸಿನಾಪ್ಸ್, ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಹಾಗಾಗಿ ಕ್ಯಾಲ್ಸಿಯಂ ತೆಗೆದರೆ ನಿಲ್ಲಬೇಕು, ಅಲ್ವಾ? ನಿಲ್ಲಲಿಲ್ಲ. ಕುಗ್ಗಿತು, ಆದರೆ ಸಣ್ಣದೊಂದು ಅಲೆ ಉಳಿದೇ ಇತ್ತು. ಜೊತೆಗೆ ಶಾಕ್ ಕೊಡದಿದ್ದರೂ ನರಗಳು ತಾವಾಗೇ ಫೈರ್ ಆಗುತ್ತಿದ್ದವು.

ಎರಡು ತಿಂಗಳು ಹೀಗೇ ಹೋಯಿತು. ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿ ಮಳೆಗಾಲದಲ್ಲಿ ನೀರೆಳೆದು ಗಂಟಾಗಿತ್ತು. ನಾನು ತೂಗುತ್ತಿದ್ದದ್ದು ಅರ್ಧ ನೀರನ್ನೇ. ಈಗ 1 ಮೋಲಾರ್ ಸ್ಟಾಕ್ ಇಟ್ಟುಕೊಂಡಿದ್ದೇನೆ. ಇನ್ನೊಂದು ದಿನ ಗ್ಯಾಸ್ ಬಿಡುವ ಮೊದಲೇ ಕ್ಯಾಲ್ಸಿಯಂ ಸುರಿದು ಮೂರು ಲೀಟರ್ ದ್ರಾವಣ ಹಾಲಿನ ಹಾಗೆ ಬೆಳ್ಳಗಾಯಿತು. ಪೂರ್ತಿ ಸಿಂಕಿಗೆ.

ಆದರೆ ನಿಜವಾದ ಕಳ್ಳ ನೀರು. ನಮ್ಮದು ಬೋರ್‌ವೆಲ್, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡುಸು. ಆರ್‌ಓ ಮೆಂಬ್ರೇನ್ ಹಾಳಾಗಿದ್ದು ಯಾರಿಗೂ ಗೊತ್ತಿರಲಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಸುಮಾರು 60 ಪಿಪಿಎಂ! ನಾನು 'ಸೊನ್ನೆ ಕ್ಯಾಲ್ಸಿಯಂ' ಅಂದುಕೊಂಡದ್ದು ಸೊನ್ನೆಯೇ ಆಗಿರಲಿಲ್ಲ.

ಎರಡು ಸಲ ಬಟ್ಟಿ ಇಳಿಸಿದ ನೀರು ತಂದೆ. ಅಳಿದುಳಿದ ಕ್ಯಾಲ್ಸಿಯಂ ಹಿಡಿಯಲು ಇಜಿಟಿಎ ಅನ್ನುವ ರಾಸಾಯನಿಕ ಸ್ವಲ್ಪ ಹಾಕಿ ಪಿಎಚ್ ಸರಿಮಾಡಿದೆ. ಕ್ಯಾಲ್ಸಿಯಂ ಹೋದ ಜಾಗಕ್ಕೆ ಮೆಗ್ನೀಸಿಯಂ ತುಂಬಿಸಿ 3ಕ್ಕೆ ಏರಿಸಿದೆ. ನರಗಳ ಗಲಾಟೆ ನಿಂತಿತು. ಹತ್ತು ಹನ್ನೆರಡು ನಿಮಿಷಕ್ಕೆ ವೆಂಟ್ರಲ್ ರೂಟಿನ ಗೆರೆ ಸಪಾಟಾಯಿತು. "ಸರ್, ನಿಂತೋಯ್ತು ಸರ್!" ಅಂತ ನಮ್ಮ ಹುಡುಗಿ ಕೂಗಿದಳು. ಡಾರ್ಸಲ್ ರೂಟಿನ ಸಿಗ್ನಲ್ ಮಾತ್ರ ಹಾಗೇ ಇತ್ತು. ಅಂದರೆ ನರ ಸತ್ತಿಲ್ಲ, ಸಿನಾಪ್ಸ್ ಮಾತ್ರ ಬಂದ್. ಮಾಮೂಲಿ ದ್ರಾವಣ ಬಿಟ್ಟು ಅರ್ಧ ಗಂಟೆಯಲ್ಲಿ ರಿಫ್ಲೆಕ್ಸ್ ವಾಪಸ್ ಬಂತು. ಐದು ಮರಿಗಳಲ್ಲೂ ಇದೇ.

ಕೈ ಸುಮ್ನಿರದೆ ಇನ್ನೊಂದು ಮಾಡಿದೆ. ಕ್ಯಾಲ್ಸಿಯಂ 2 ಹಾಗೇ ಇಟ್ಟು ಮೆಗ್ನೀಸಿಯಂ ಪೂರ್ತಿ ತೆಗೆದೆ. ನರಕೋಶವನ್ನು ಕೆರಳಿಸುವ ಒಂದು ಬಾಗಿಲಾದ ಎನ್‌ಎಂಡಿಎ ಚಾನೆಲ್ ಬಾಯಿಗೆ ಮೆಗ್ನೀಸಿಯಂ ಬಿರಡೆಯ ಹಾಗೆ ಕೂತಿರುತ್ತದೆ ಅನ್ನುವುದು 1984ರಿಂದ ಗೊತ್ತಿರುವ ವಿಷಯ. ಆ ಬಿರಡೆ ಕಿತ್ತಾಗ ಏನಾಗುತ್ತದೆ ಅಂತ ಕಣ್ಣಾರೆ ಕಂಡೆ. ಶಾಕ್ ಇಲ್ಲದೆ ವೆಂಟ್ರಲ್ ರೂಟ್ ಅರ್ಧ ನಿಮಿಷಕ್ಕೊಮ್ಮೆ ದೊಡ್ಡ ಬರ್ಸ್ಟ್ (ಒಟ್ಟಿಗೆ ನುಗ್ಗುವ ಸಿಗ್ನಲ್‌ಗಳ ಗುಂಪು) ಕೊಡತೊಡಗಿತು. 1 ಮಿಲಿಮೋಲಾರ್ ವಾಪಸ್ ಹಾಕಿದ ಮೇಲೆ ತಣ್ಣಗಾಯಿತು. ಮುಂದಿನ ಮರಿಗಳು ಬಂದಾಗ ಮೆಗ್ನೀಸಿಯಂ 0.25, 0.5 ಇಟ್ಟು ನೋಡಬೇಕು.